ಡೀಸೆಲ್‌ನಲ್ಲಿ ತೊಳೆದ ಕಾಲು

ನನ್ನ ಗಂಡ ಇಲಿಯಾಸರ ಬಲಗಾಲನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು. ಸುತ್ತಿ ಬಳಸಿ ಹೇಳುವವಳಲ್ಲ ನಾನು. ಅಂಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ತೂತು, ಅದರ ಸುತ್ತ ಬೆಂದ ಮಾಂಸದಂಥ ಬಿಳಿ ಅಂಚು, ಒಳಗಿಂದ ಹಳದಿ ನೀರು. ಭದ್ರಾವತಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ನಾತಕ್ಕೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೂ ಅದೇ ಮೂಗಿಗೆ ಬಡಿಯುತ್ತಿತ್ತು.

ಅವರದು ಲಾರಿ ರಿಪೇರಿ ಗ್ಯಾರೇಜ್. ಕಬ್ಬಿಣದ ಚೂರೊಂದು ಚಪ್ಪಲಿ ತೂರಿ ಕಾಲಿಗೆ ಹೊಕ್ಕಿದ್ದು ಸಂಜೆಯವರೆಗೂ ಗೊತ್ತಾಗಲಿಲ್ಲವಂತೆ. ಶುಗರ್ ಬಂದು ವರ್ಷಗಳಾಗಿ ಪಾದ ಜೋಮು ಹಿಡಿದಿತ್ತು. ಆದರೂ ಮಧ್ಯಾಹ್ನ ಹೋಟೆಲ್ ಬಿರಿಯಾನಿ ಬೇಕು, ಸಂಜೆ ಚಹಾಕ್ಕೆ ಸಕ್ಕರೆ ಸುರಿಯಬೇಕು. ಆ ಬಾಯಿಚಪಲ ಕಂಡರೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಿವಮೊಗ್ಗಕ್ಕೆ ಎಳೆದುಕೊಂಡು ಹೋಗಿ ದುರ್ಗಿಗುಡಿಯಲ್ಲಿ ಡಾಕ್ಟರ್ ರಂಜಿನಿ ಅವರಿಗೆ ತೋರಿಸಿದೆ.

"ಗಾಯ ಯಾಕೆ ಮಾಯ್ತಿಲ್ಲ ಮೇಡಂ?" ಇವರು ಕೇಳಿದರು.

"ರಕ್ತದಲ್ಲಿ ಕಾವಲು ಕಾಯೋ ಕಣಗಳಿರ್ತವೆ ಇಲಿಯಾಸ್ ಅವ್ರೇ. ಗಾಯ ಆದ ಕಡೆ ಓಡಿಬಂದು ಕ್ರಿಮಿ ತಿಂದು, ಕೊಳೆತಿದ್ದನ್ನ ಬಾಚಿ, ಆಮೇಲೆ ಗಾಯ ಕೂಡೋಕೆ ದಾರಿ ಮಾಡ್ಬೇಕು. ಶುಗರ್ ಹೀಗೆ ಏರಿದ್ರೆ ಅವು ಕೊಬ್ಬನ್ನ ಸರಿಯಾಗಿ ಕರಗಿಸ್ಕೊಳ್ಳಲ್ಲ. ಒಳಗೆಲ್ಲ ಜಿಡ್ಡು ತುಂಬ್ಕೊಂಡು, ಬರೀ ಉರಿ ಎಬ್ಬಿಸ್ತಾ ಅಲ್ಲೇ ಕೂತ್ಬಿಡ್ತವೆ."

"ಗ್ರೀಸ್ ಗಟ್ಟಿಯಾಗಿರೋ ಬೇರಿಂಗ್ ಥರ. ತಿರುಗಲ್ಲ."

"ಹೂಂ, ಹಾಗೇ ಅಂದ್ಕೊಳ್ಳಿ," ಎಂದು ಡಾಕ್ಟರ್ ನಕ್ಕರು. ಇನ್ಸುಲಿನ್ ಬರೆದುಕೊಟ್ಟು, ದಿನಾ ಡ್ರೆಸ್ಸಿಂಗ್ ಮಾಡಿಸಲು ಹೇಳಿದರು.

ಡ್ರೆಸ್ಸಿಂಗನ್ನು ಗ್ಯಾರೇಜ್ ಪಕ್ಕದ ಕ್ಲಿನಿಕ್ಕಿನಲ್ಲೇ ಮಾಡಿಸಿಕೊಳ್ಳುತ್ತೇನೆ ಅಂದರು. ನಾನು ಒತ್ತಾಯ ಮಾಡಲಿಲ್ಲ, ಆ ಕಾಲನ್ನು ಮುಟ್ಟುವ ಕೆಲಸ ತಪ್ಪಿತಲ್ಲ. ಸ್ವಲ್ಪ ದಿನದಲ್ಲೇ ಮನೆಯ ನಾತವೂ ಇಳಿಯಿತು. ಅವರ ಮೈಯಿಂದ ಬರುತ್ತಿದ್ದುದು ಬರೀ ಡೀಸೆಲ್ ವಾಸನೆ, ಮದುವೆಯಾದಾಗಿನಿಂದ ನನಗೆ ಗೊತ್ತಿದ್ದ ವಾಸನೆ. ಗಾಯ ಒಣಗುತ್ತಿದೆ ಅಂದುಕೊಂಡು ನೆಮ್ಮದಿಯಾಗಿದ್ದೆ.

ಒಂದು ಮಧ್ಯಾಹ್ನ ಅವರು ಬಿಟ್ಟುಹೋಗಿದ್ದ ಇನ್ಸುಲಿನ್ ಕೊಡಲು ಗ್ಯಾರೇಜಿಗೆ ಹೋದೆ. ಇವರು ಹಿಂದಿನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಬೇರಿಂಗ್ ತೊಳೆಯುವ ಟ್ರೇ ತುಂಬ ಡೀಸೆಲ್. ಅದರಲ್ಲಿ ಬಲಗಾಲು. ಕೈಯಲ್ಲಿ ಬ್ರಷ್.

"ಯಾ ಅಲ್ಲಾ! ಏನ್ ಮಾಡ್ತಿದ್ದೀರ್ರೀ?"

"ಕಿರುಚಬೇಡ ಮಾರಾಯ್ತಿ. ಜಿಡ್ಡು ಬಿಡಿಸ್ತಿದ್ದೀನಿ. ಡೀಸೆಲ್‌ಗೆ ಬಿಡದೇ ಇರೋ ಜಿಡ್ಡು ಯಾವುದಿದೆ ಹೇಳು? ನೋಡು, ಒಂಚೂರೂ ಉರಿ ಇಲ್ಲ."

ಉರಿಯಲು ಅಲ್ಲಿ ಜೀವವಿದ್ದರೆ ತಾನೇ! ಬೆರಳುಗಳು ಕಪ್ಪಗಾಗಿದ್ದವು. ಬ್ರಷ್ ಎಳೆದ ಕಡೆ ಚರ್ಮ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಬ್ರಷ್ ಕಿತ್ತುಕೊಂಡು, ಕಾಲಿಗೆ ಪಟ್ಟಿ ಸುತ್ತಿಸಿ, ಅವತ್ತೇ ಮತ್ತೆ ಶಿವಮೊಗ್ಗಕ್ಕೆ ಎಳೆದುಕೊಂಡು ಹೋದೆ.

ಡಾಕ್ಟರ್ ರಂಜಿನಿ ಪಟ್ಟಿ ಬಿಚ್ಚಿದವರೇ ಮುಖ ಗಂಟಿಕ್ಕಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಸರ್ಜನ್ ಮಾತು ಬೆಳೆಸಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಅಂದರು. ಇವರು ಸಹಿ ಹಾಕಲು ಒಪ್ಪಲಿಲ್ಲ. ಒಂದೇ ಕಾಲಲ್ಲಿ ಲಾರಿ ಕೆಳಗೆ ಹೇಗೆ ಮಲಗಲಿ, ಸಾಯ್ತೀನಿ ಬಿಡಿ ಅಂದರು.

ನನ್ನ ಪಿತ್ತ ನೆತ್ತಿಗೇರಿತು. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ಬೈದೆ. "ಡಾಕ್ಟರ್ ಹೇಳಿದ್ದೇನು, ನೀವು ಮಾಡಿದ್ದೇನು? ಕಾಲೇನು ಲಾರಿ ಪಾರ್ಟಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ರಿ?"

ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಮೊದಲ್ನೇ ಸಲ ಜಿಡ್ಡಿಗೆ ಅಂತಾನೇ ಹಾಕ್ದೆ ಮುಬೀನಾ. ಅವತ್ತು ನಾತ ಇರ್ಲಿಲ್ಲ, ನೀನು ನನ್ನ ಪಕ್ಕ ಕೂತು ಊಟ ಮಾಡ್ದೆ. ಅದಕ್ಕೇ ದಿನಾ ಹಾಕ್ದೆ."

ನಾನು ಅವರ ಪಕ್ಕ ಕೂತು ಉಂಡ ನೆನಪೂ ನನಗಿರಲಿಲ್ಲ.

"ಸಹಿ ಹಾಕ್ರೀ," ಅಂದೆ ಕೊನೆಗೆ. "ಹೇಸಿಗೆ ನಂದು, ಅದನ್ನ ನಾನು ನೋಡ್ಕೊಳ್ತೀನಿ. ನೀವು ಬದುಕಿ."

ಹಾಕಿದರು.

ಕಡಿದ ಅಂಗವನ್ನು ನಮ್ಮಲ್ಲಿ ಎಸೆಯುವುದಿಲ್ಲ, ಮಣ್ಣು ಮಾಡುತ್ತಾರೆ. ಆಪರೇಷನ್ ಮುಗಿದ ಮೇಲೆ ಕಾಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಬಿಳಿ ಬಟ್ಟೆ ಕಟ್ಟಿ ಕೊಟ್ಟರು. ಭದ್ರಾವತಿಯ ಕಬರಸ್ತಾನಕ್ಕೆ ಒಯ್ಯಲು ನನ್ನ ಮೈದುನ ಉಮೈರ್ ಕಾರು ತಂದಿದ್ದ. ಗಂಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಡಿಕ್ಕಿ ತೆಗೆದ.

"ಇಲ್ಲಿಡಿ ಭಾಬಿ."

"ಅವ್ರಿನ್ನೂ ಬದುಕಿದ್ದಾರೆ. ಅವ್ರ ಕಾಲನ್ನ ಸ್ಟೆಪ್ನಿ ಪಕ್ಕ ಇಡ್ತೀಯಾ?"

ಹಿಂದಿನ ಸೀಟಿನಲ್ಲಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹೇಸಿಗೆ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ದಾರಿಯಲ್ಲಿ ಮಲವಗೊಪ್ಪದ ಹತ್ತಿರ ಕಾರು ನಿಲ್ಲಿಸಲು ಹೇಳಿ, ಬಾಗಿಲು ತೆಗೆದು ಹೊರಗೆ ಬಗ್ಗಿದೆ. ಗಂಟು ಜಾರದಂತೆ ಎರಡೂ ಕೈಯಲ್ಲಿ ಅವುಚಿಕೊಂಡೇ ವಾಂತಿ ಮಾಡಿದೆ.