ಬೆಂಚು ತಟ್ಟಿದವರು

"ಚಿಕ್ಕಪ್ಪ, ಇದನ್ನೊಂದು ಸಲ ನೋಡಿಕೊಡಿ," ಎಂದು ಮೇಷ್ಟ್ರ ಮಗಳು ಮತ್ತೆ ಕಾಗದವನ್ನು ಅವರ ಮೂಗಿನ ಮುಂದೆ ಹಿಡಿದಳು.

"ಅಯ್ಯೋ, ನನಗೇನು ಬರುತ್ತಮ್ಮ? ನಮ್ಮಣ್ಣ ನನ್ನನ್ನ ಕ್ಲಾಸಿಗೇ ಸೇರಿಸ್ಲಿಲ್ಲ. ಬ್ಯಾಂಕ್ ಮ್ಯಾನೇಜರ್ ಕೂತಿದಾರಲ್ಲ, ಅವರನ್ನ ಕೇಳು."

ಕೇಳುವುದೆಲ್ಲಿಂದ ಬಂತು! ಅಪ್ಪನ ಕೊನೆಯ ದರ್ಶನಕ್ಕೆ ಬಂದು ಅಂಗಳದ ಬೆಂಚುಗಳ ಮೇಲೆ ಕೂತವರೆಲ್ಲ ಅವರ ಹಳೆಯ ವಿದ್ಯಾರ್ಥಿಗಳು. ಇದೇ ಬೆಂಚುಗಳ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ, ಸಂಜೆ ಹೊತ್ತು ಇಂಗ್ಲಿಷ್ ಬರೆಯಲು ಕಲಿತವರು. ಭೂತಕಾಲದಲ್ಲಿ ಶುರು ಮಾಡಿದರೆ ಕೊನೆಯ ಚುಕ್ಕಿಯವರೆಗೂ ಭೂತಕಾಲವೇ ಇರಬೇಕು. ನಡುವೆ ಜಾರಿದರೆ ಅಪ್ಪನಿಗೆ ಮೈಯೆಲ್ಲ ಉರಿ. ಜನ ಅವರನ್ನು ಟೆನ್ಸ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಂಥವರ ಮಗಳು ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ಒಂದು ಸಾಲೂ ಬರೆಯದೆ ಅರ್ಧ ಆಯಸ್ಸು ಕಳೆದಿದ್ದಳು.

ಅವಳು ಅಡುಗೆಮನೆಗೆ ಹೋದಳು, ಹಿತ್ತಲಿಗೆ ಹೋದಳು, ತಿರುಗಿ ಬಂದಳು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಅಮ್ಮಾ, ನನ್ನ ಕೈಲಿ ಆಗಲ್ಲ. ಬೇರೆ ಯಾರಾದ್ರೂ ಮಾತಾಡ್ಲಿ."

"ಹಟ ಮಾಡ್ಬೇಡ. ಅವಳೇ ಇಂಗ್ಲಿಷಲ್ಲಿ ನಾಲ್ಕು ಮಾತಾಡ್ಲಿ ಅಂತ ನಿಮ್ಮಪ್ಪ ಆಸೆಪಟ್ಟು ಹೋದ್ರು. ನಾನು ಹೂಂ ಅಂದಿದೀನಿ."

"ನೀನು ಹೂಂ ಅಂದ್ರೆ ನಾನು ಹೋಗಿ ಗುಂಡಿಗೆ ಬೀಳ್ಬೇಕಾ?"

"ಬೀಳು. ಎಬ್ಬಿಸ್ತೀನಿ."

ಗೇಟಿನ ಬಳಿ ವ್ಯಾನು ಬಂದು ನಿಂತಿತು. ಇನ್ನು ತಡ ಮಾಡುವಂತಿರಲಿಲ್ಲ. ಅವಳು ಅಪ್ಪನ ತಲೆಯ ಹತ್ತಿರ ನಿಂತು ಕಾಗದ ಬಿಡಿಸಿದಳು. ಹೆಬ್ಬೆರಳಿನ ಗ್ರೀಸು ಅದರ ಅಂಚಿಗೆ ಆಗಲೇ ಹತ್ತಿತ್ತು.

"ಮೈ ಫಾದರ್ ಕೇಮ್ ಟು ಮೈ ಶಾಪ್ ಎವ್ರಿ ಸಂಡೇ. ಹೀ ಸಿಟ್ಸ್ ಆನ್ ಎ ಟೈರ್..."

ಟಕ್.

ಯಾರದೋ ಬೆರಳಿನ ಗೆಣ್ಣು ಬೆಂಚಿನ ಮೇಲೆ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಬ್ಯಾಂಕ್ ಮ್ಯಾನೇಜರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ತಪ್ಪಾಯ್ತು ಅಕ್ಕಾ... ಕೈ ತಾನಾಗೇ..."

*

ಅವಳಿಗಾಗ ಹನ್ನೆರಡು. ಓದುವವರು ಕಾಲ ತಪ್ಪಿದರೆ ಕ್ಲಾಸೆಲ್ಲ ಬೆಂಚು ತಟ್ಟಬೇಕು, ಅದು ಅಪ್ಪನ ಪದ್ಧತಿ. ಅವಳು ಸೈಕಲ್ ಕಲಿತದ್ದನ್ನು ಬರೆದಿದ್ದಳು. ಮೊದಲ ಸಾಲಿನಲ್ಲಿ ಬಿದ್ದೆ ಎಂದವಳು ಎರಡನೆಯದರಲ್ಲಿ ಏಳುತ್ತೇನೆ ಎಂದಿದ್ದಳು. ನಮ್ಮ ಬಾಯಲ್ಲಿ ಕತೆ ಬರುವುದೇ ಹಾಗಲ್ಲವೇ, ನಿನ್ನೆ ಹೊರಟವನು ಹೇಳುತ್ತ ಹೇಳುತ್ತ ಈಗಲೇ ಓಡುತ್ತಿರುತ್ತಾನೆ! ಬೆಂಚುಗಳೆಲ್ಲ ಸದ್ದು ಮಾಡಿದವು, ನಗು ಎದ್ದಿತು. ಅಪ್ಪನೂ ಮೇಜು ತಟ್ಟಿದರು.

"ಮೊದಲಿಂದ ಓದು."

ಅವಳು ಎದ್ದು ಹೋದವಳು ಮತ್ತೆ ಆ ಕೋಣೆಯಲ್ಲಿ ಕೂರಲಿಲ್ಲ.

ಅಂಗಡಿ ಶುರುವಾದ ಮೇಲೆ ಭಾನುವಾರ ಬಂತೆಂದರೆ ಅಪ್ಪ ಅಲ್ಲಿಗೆ ಹಾಜರು. ಅವರ ಬಳಿ ಸೈಕಲ್ಲೇ ಇರಲಿಲ್ಲ. ಸುಮ್ಮನೆ ಕೂತು ನೋಡುತ್ತಿದ್ದರು. ಒಮ್ಮೆ ಮಾತ್ರ, "ಆವತ್ತು ನಾನು ತಟ್ಟಬಾರದಿತ್ತು ಕಣೇ," ಎಂದರು. ಅವಳು ಚಕ್ರ ತಿರುಗಿಸುತ್ತಲೇ ಇದ್ದಳು.

*

"ಸಾಕು ಬಿಡಮ್ಮ, ಯಾರೂ ಏನೂ ಅಂದ್ಕೊಳ್ಳಲ್ಲ," ಎಂದರು ಚಿಕ್ಕಪ್ಪ.

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪನ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಮ್ಯಾನೇಜರ ಕಡೆ ತಿರುಗಿದಳು.

"ನೀವೊಬ್ಬರೇ ಯಾಕೆ? ಉಳಿದವರ ಕೈಗೇನಾಗಿದೆ? ತಟ್ಟೋದಾದ್ರೆ ಎಲ್ರೂ ತಟ್ಟಿ. ನಾನಂತೂ ನಿಲ್ಸಲ್ಲ."

"ಹೀ ಸೆಡ್ ಸಾರಿ," ಎಂದು ಓದಿದಳು. "ಐ ಟರ್ನ್ ದ ವೀಲ್. ಐ ಸೇ ನಥಿಂಗ್."

ಒಂದು ಗೆಣ್ಣು ಹೆದರುತ್ತ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಸಾಲು ಸಾಲಾಗಿ ಬೆಂಚುಗಳು ಸದ್ದು ಮಾಡತೊಡಗಿದವು. ಮ್ಯಾನೇಜರು ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದರಲ್ಲಿ ತಟ್ಟುತ್ತಿದ್ದರು. ಮಗಳು ಅಪ್ಪನ ಕಡೆ ಮುಖ ಮಾಡಿ, ದನಿ ಏರಿಸಿ, ಮುಂದಿನ ಸಾಲು ಓದಿದಳು, ಅದರ ಮುಂದಿನದನ್ನೂ ಓದಿದಳು.

ಮುಂದಿನ ಬೆಂಚಿನ ತುದಿಯಲ್ಲಿ ಅಮ್ಮ ಕೂತಿದ್ದಳು. ಯಾವುದು ತಪ್ಪು, ಯಾವುದು ಸರಿ ಎಂದು ತಿಳಿಯದೆ ಅವಳು ಪ್ರತಿ ಮಾತಿಗೂ ತಟ್ಟುತ್ತಿದ್ದಳು.