ಸಕ್ಕರೆ ಕದ್ದ ಅಕ್ಕ ಮತ್ತು ನಾಲ್ಕು ಅಂಕ

೧

ಎಲ್ಲಿಂದ ಶುರು ಮಾಡಲಿ? ಸಕ್ಕರೆ ಡಬ್ಬಿಯಿಂದಲೋ, ಎಂಟನೇ ಕ್ಲಾಸಿನಿಂದಲೋ? ಡಬ್ಬಿಯಿಂದ ಶುರು ಮಾಡಿ ಎರಡು ಪುಟ ಬರೆದು ಹರಿದು ಹಾಕಿದ್ದೇನೆ. (ನೀವು ಬಚಾವಾದಿರಿ.) ಕ್ಲಾಸಿನಿಂದಲೇ ಹೊರಡೋಣ.

ಟೀಚರು ಪುಸ್ತಕ ತೆರೆದಳು. ಕವಿಯೊಬ್ಬ ತನ್ನ ಬಾಲ್ಯವನ್ನೆಲ್ಲ ಪದ್ಯದಲ್ಲಿ ಹೇಳಿಕೊಂಡ ಆತ್ಮಕಥೆಯ ಒಂದು ಭಾಗ ಈ ವರ್ಷ ಪಾಠವಾಗಿದೆ. ಅದರಲ್ಲಿ ಅಕ್ಕ ಸಕ್ಕರೆ ಕದಿಯುತ್ತಾಳೆ, ಪೆಟ್ಟು ತಮ್ಮನಿಗೆ ಬೀಳುತ್ತದೆ. ಕವಿ ನಮ್ಮ ಟೀಚರ ಒಡಹುಟ್ಟಿದ ತಮ್ಮ. ಆ ಅಕ್ಕ ಯಾರೆಂದು ಬಿಡಿಸಿ ಹೇಳಬೇಕೆ? ನಿಜಕ್ಕೂ ಕದ್ದವನು ಅವನೇ. ಕ್ಲಾಸಿಗೆ ಇದಾವುದೂ ಗೊತ್ತಿಲ್ಲ.

೨

(ಇಲ್ಲಿ ಟೀಚರು ಅಳುವ ದೃಶ್ಯವೊಂದಿತ್ತು. "ನಾನ್ಯಾಕ್ರೀ ಅಳ್ಲಿ? ತೆಗೀರಿ ಅದನ್ನ" ಎಂದು ಗದರಿಸಿದಳು. ತೆಗೆದೆ.)

ಅಳುವ ಬದಲು ತಮ್ಮನಿಗೆ ಫೋನ್ ಮಾಡಿದಳು.

"ಸಕ್ಕರೆ ಕದ್ದಿದ್ದು ನಾನೇನೋ?"

"ಪ್ರಾಸ ಕೂರ್ಬೇಕಲ್ವಾ ಅಕ್ಕಾ. ಸಕ್ಕರೆ, ಅಕ್ಕ. ತಮ್ಮ ಅಂತ ಹಾಕಿದ್ರೆ ಸಾಲು ಕುಂಟುತ್ತೆ."

"ಅಮ್ಮ ಅದನ್ನ ಓದಿ, ನಂಗೆ ಆಗ್ಲೇ ಡೌಟಿತ್ತು ಅಂದ್ಲು ಕಣೋ!"

ಆ ಕಡೆಯಿಂದ ನಗು. ಟೀಚರಿಗೆ ಮೈಯೆಲ್ಲ ಉರಿಯಿತು. ತಮ್ಮನ ಮಾತು ಹಾಳಾಗಲಿ, ಅಮ್ಮ ಇಷ್ಟು ವರ್ಷ ತನ್ನನ್ನು ಅನುಮಾನಿಸಿಕೊಂಡೇ ಬಂದಳಲ್ಲ ಎಂದು ನಿಜಕ್ಕೂ ನೋವಾಯಿತು.

೩

ಪರೀಕ್ಷೆ. ಅಕ್ಕನ ಸ್ವಭಾವವನ್ನು ವಿವರಿಸಿ, ನಾಲ್ಕು ಅಂಕ. ಮೇಲಿನಿಂದ ಬಂದ ಮಾದರಿ ಉತ್ತರದ ಪ್ರಕಾರ ಆಸೆಬುರುಕಿ ಎಂದರೆ ಒಂದು, ಕಳ್ಳಿ ಎಂದರೆ ಒಂದು, ಸುಳ್ಳಿ ಎಂದರೆ ಇನ್ನೊಂದು, ಅಕ್ಷರ ಮುದ್ದಾಗಿದ್ದರೆ ಉಳಿದದ್ದು. ಮೂವತ್ತೆಂಟು ಮಕ್ಕಳು ಅವಳನ್ನು ಕಳ್ಳಿ ಎಂದರು. ಮೂವತ್ತೆಂಟು ಸಲವೂ ಅವಳೇ ರೈಟ್ ಹಾಕಿದಳು.

ಉಳಿದ ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: "ಅಕ್ಕ ಕದ್ದಿಲ್ಲ. ಮುಚ್ಚಳ ಎಷ್ಟು ಬಿಗಿಯಾಗಿತ್ತು, ಸಕ್ಕರೆ ನಾಲಿಗೆಯ ಮೇಲೆ ಹೇಗೆ ಕರಗಿತು ಎಂದು ಎಂಟು ಸಾಲು ಹೇಳುವವನು ತಮ್ಮ. ತಿನ್ನದವನಿಗೆ ಇದೆಲ್ಲ ಹೇಗೆ ತಿಳಿಯಿತು?"

ಟೀಚರು ಅದನ್ನು ಮೂರು ಸಲ ಓದಿದಳು.

೪

ಮುಕ್ತಾಯ ಒಂದು: ಮಾದರಿ ಉತ್ತರದಂತೆ ಸೊನ್ನೆ. ("ಥೂ" ಎಂದಳು.)

ಮುಕ್ತಾಯ ಎರಡು: ಕ್ಲಾಸಿಗೆ ನಿಜ ಹೇಳುತ್ತಾಳೆ, ಮಕ್ಕಳು ಕಣ್ಣೊರೆಸಿಕೊಳ್ಳುತ್ತಾರೆ. ("ಬಿದ್ದು ಬಿದ್ದು ನಗ್ತಾರೆ ಕಣ್ರೀ. ನೀವು ಯಾವತ್ತಾದ್ರೂ ಎಂಟನೇ ಕ್ಲಾಸಲ್ಲಿ ನಿಂತಿದ್ದೀರಾ?")

ಮೂರನೆಯದನ್ನು ಹುಡುಕುತ್ತಾ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನಾಲ್ಕಕ್ಕೆ ಐದು ಹಾಕಿದಳು.

"ಹೆಡ್‌ಮೇಡಂ ಕೇಳಿದ್ರೆ?"

"ಕೇಳ್ಲಿ."

ಆಮೇಲೆ ಆ ಉತ್ತರದ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. ಅಮ್ಮ ನೋಡಿದ್ದಾಳೆ. ಏನೋ ಟೈಪ್ ಮಾಡುತ್ತಿದ್ದಾಳೆ. ನಿಲ್ಲಿಸಿದಳು. ಈಗ ಮತ್ತೆ ಟೈಪ್ ಮಾಡುತ್ತಿದ್ದಾಳೆ. ಏನು ಬರುತ್ತದೋ, ಆಣೆ ಮಾಡಿ ಹೇಳುತ್ತೇನೆ, ನನಗೂ ಗೊತ್ತಿಲ್ಲ. ಟೀಚರು ಪಕ್ಕದಲ್ಲೇ ಫೋನ್ ಹಿಡಿದು ಕೂತಿದ್ದಾಳೆ.