ಎಣ್ಣೆ ಹಾಕಿದವರು ಯಾರು?

ಐಲಾ ಸ್ಟಾರ್ಟರಿನ ಹಗ್ಗ ಎಳೆದಳು. ಇಂಜಿನ್ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಮತ್ತೆ ಎಳೆದಳು. ಈ ಸಲ ಕೆಮ್ಮಲೂ ಇಲ್ಲ.

"ಅಮ್ಮ, ನನ್ನ ತಲೆ ಬೆವರ್ತಿದೆ," ಎಂದಳು ಪೆಟ್ರಾ. ಆರು ವರ್ಷದ ಮಗಳು ಗ್ಯಾರೇಜಿನ ಮೂಲೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು, ಹೆಲ್ಮೆಟ್ ತೊಟ್ಟು, ಊಟವಾದಾಗಿನಿಂದ ಸವಾರಿಗೆ ಸಿದ್ಧಳಾಗಿ ಕೂತಿದ್ದಳು.

"ಹೆಲ್ಮೆಟ್ ತೆಗಿಯೇ ಮತ್ತೆ."

"ತೆಗೆದ್ಮೇಲೆ ಸ್ಟಾರ್ಟ್ ಆಗ್ಬಿಟ್ರೆ?"

ಅಂಥ ಲಕ್ಷಣವೇನೂ ಐಲಾಗೆ ಕಾಣಲಿಲ್ಲ. ಅದು ಮಕ್ಕಳ ಸ್ನೋಮೊಬೈಲು, ಹಿಮದ ಮೇಲೆ ಓಡುವ ಬಂಡಿ. ಕರುವಿನಷ್ಟು ಎತ್ತರ, ಐಲಾಳಷ್ಟೇ ವಯಸ್ಸು, ಬಣ್ಣ ಮಾಸಿ ಹೋದ ಮೂತಿ. ಪಕ್ಕದೂರಿನವನೊಬ್ಬ 'ನಿಲ್ಲಿಸಿದಾಗ ಚೆನ್ನಾಗಿ ಓಡುತ್ತಿತ್ತು' ಎಂದು ಜಾಹೀರಾತು ಕೊಟ್ಟಿದ್ದ. ಸತ್ತ ಕುದುರೆಯೂ ಬೀಳುವ ತನಕ ಓಡುತ್ತಲೇ ಇತ್ತಲ್ಲ! ತಂದು ಬಿಚ್ಚಿ ನೋಡಿದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಕೂತಿತ್ತು. ಈ ಜಾತಿಯ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಕುಡಿಸಬೇಕು. ಯಾರೋ ಪುಣ್ಯಾತ್ಮ ಬರೀ ಪೆಟ್ರೋಲು ಹುಯ್ದು ಓಡಿಸಿದ್ದ. ಗೀರು ಬಿದ್ದ ಆ ಹಳೆಯ ಪಿಸ್ಟನ್ನನ್ನು ಐಲಾ ಅಡುಗೆಮನೆಯ ಕಿಟಕಿಯಲ್ಲಿಟ್ಟು, ಮನೆಗೆ ಬಂದವರಿಗೆಲ್ಲ ತೋರಿಸಿ, "ಎಣ್ಣೆ ಮರೆತ್ರೆ ಹೀಗಾಗತ್ತೆ, ನೋಡ್ಕೊಳ್ಳಿ" ಎಂದು ಪಾಠ ಹೇಳಿದ್ದಳು.

ಶಾಲೆಯ ಬಸ್ಸು ಓಡಿಸಿ ಬಂದ ಮೇಲೆ ಉಳಿದ ಹೊತ್ತಿನಲ್ಲೆಲ್ಲ ಇದೇ ಕೆಲಸ. ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗು. ಸಿಲಿಂಡರ್ ಉಜ್ಜಿಸಿ ತಂದಳು. ಕಾರ್ಬ್ಯುರೇಟರಿನ ಸಣ್ಣ ತೂತುಗಳಿಗೆಲ್ಲ ತಂತಿ ತೂರಿಸಿ ಕಸ ತೆಗೆದಳು. ಯಾರಿಗೂ ಒಂದು ನಟ್ಟು ಮುಟ್ಟಲು ಬಿಟ್ಟಿರಲಿಲ್ಲ.

ಅದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ಅವಳ ಅಣ್ಣ ರಸೆಲ್ಲಿನ ಹತ್ತಿರ ಇಂಥದ್ದೇ ಒಂದು ಗಾಡಿ ಇತ್ತು. ಅದನ್ನು ಬಿಚ್ಚುವವನು ಅಣ್ಣ, ಜೋಡಿಸುವವನು ಅಪ್ಪ, ಓಡಿಸುವವನು ಮತ್ತೆ ಅಣ್ಣ. ಐಲಾಳ ಪಾಲಿಗೆ ಬಂದದ್ದು ಟಾರ್ಚು ಹಿಡಿದು ನಿಲ್ಲುವ ಕೆಲಸ. ಅದರಲ್ಲೂ "ಬೆಳಕು ಈ ಕಡೆ ಬಿಡೇ, ಎಲ್ಲಿ ನೋಡ್ತಿದೀಯ" ಎಂದು ಬೈಗುಳ. ನಲವತ್ತು ದಾಟಿದರೂ ತಾನೇ ಬಿಚ್ಚಿ ತಾನೇ ಮುಚ್ಚಿದ ಇಂಜಿನ್ ಅಂತ ಒಂದೂ ಇರಲಿಲ್ಲ. ಇದಾದರೂ ಇರಲಿ ಎಂದು ಹಟ ಹಿಡಿದಿದ್ದಳು. ರಸೆಲ್ ಹೋದ ವಾರ ನಗುತ್ತಾ, "ಶನಿವಾರ ಸೌನಾ ಕಾಯೋ ಹೊತ್ತಿಗೆ ಓಡ್ಲಿಲ್ಲಾಂದ್ರೆ ನನ್ನ ಟ್ರಕ್ಕಿಗೆ ಹಾಕ್ಕೊಂಡು ಹೋಗ್ತೀನಿ, ಭಾನುವಾರದ ಮಕ್ಕಳ ರೇಸಿಗೆ ನಾನೇ ರೆಡಿ ಮಾಡ್ಕೊಡ್ತೀನಿ" ಎಂದಿದ್ದ. ಸಿಟ್ಟಿನಲ್ಲಿ ಇವಳೂ "ಆಗ್ಲಿ" ಎಂದುಬಿಟ್ಟಿದ್ದಳು.

ಇವತ್ತೇ ಶನಿವಾರ. ಹಿತ್ತಲಿನ ಸೌನಾದ, ಅಂದರೆ ಬಿಸಿಹಬೆಯ ಸ್ನಾನದ ಕೋಣೆಯ, ಚಿಮಣಿಯಲ್ಲಿ ಆಗಲೇ ಹೊಗೆ ಎದ್ದಿತ್ತು. ಬೆವರಿ ಸ್ನಾನ ಮಾಡಲು ಬರುವವರೆಲ್ಲ ಗ್ಯಾರೇಜನ್ನು ಹಾದೇ ಹೋಗಬೇಕು. ಯಾರೂ ಬರಿಗೈಯಲ್ಲಿ ಹಾದುಹೋಗುವವರಲ್ಲ, ಒಂದೊಂದು ಸಲಹೆ ಇಳಿಸಿಯೇ ಹೋಗುವವರು.

ಮೊದಲು ಬಂದವರು ಆರ್ವೋ ಚಿಕ್ಕಪ್ಪ. ಕಂಕುಳಲ್ಲಿ ಟವೆಲು, ಕೈಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡು.

"ಪ್ಲಗ್ಗು ನೋಡಿದ್ಯೇನಮ್ಮ?"

"ನೋಡ್ದೆ ಚಿಕ್ಕಪ್ಪ. ಕಿಡಿ ಚೆನ್ನಾಗೇ ಹಾರ್ತಿದೆ."

"ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೇ ಇದ್ಯೋ?"

"ಬೆಳಿಗ್ಗೆ ಮತ್ತೆ ಬಿಚ್ಚಿ ನೋಡಿದೀನಿ. ಅಲ್ಲೇ ಇದೆ."

"ನಮ್ಮ ಕಾಲ್ದಲ್ಲಿ ಬಾಣಗೀಣ ಇರ್ಲಿಲ್ಲ. ಹಂಗೇ ತುರುಕ್ತಿದ್ವಿ, ಓಡ್ತಿತ್ತು."

ಅಷ್ಟರಲ್ಲಿ ಗಂಡ ಡಾರಿಲ್ ಸೌನಾ ಒಲೆಗೆ ಸೌದೆ ಹೊತ್ತುಕೊಂಡು ಬಂದ. ಹೆಂಡತಿಯ ಮುಖ ನೋಡಿ ಮಾತಾಡದೆ ಹೋಗುವಷ್ಟು ಬುದ್ಧಿವಂತ. ಆದರೂ ಬಾಗಿಲ ಹತ್ತಿರ ತಡೆದುಕೊಳ್ಳಲಾಗದೆ, "ಚೋಕು..." ಎಂದ.

"ಎಳ್ದಿದೀನಿ!"

"ಸರಿ, ಸರಿ," ಎಂದು ನುಸುಳಿಕೊಂಡ.

ಆಮೇಲೆ ಟ್ರಕ್ಕಿನ ಸದ್ದು. ರಸೆಲ್ ಗಾಡಿಯನ್ನು ಹಿಂದು ಹಿಂದಾಗಿ ತಂದು ಬಾಗಿಲಿಗೇ ನಿಲ್ಲಿಸಿದ. ಹಿಂದಿನ ಹಲಗೆ ಆಗಲೇ ಇಳಿದಿತ್ತು, ಹಗ್ಗವೂ ತಯಾರಿತ್ತು.

"ಇಂಜಿನ್ ಏನಂತೆ, ಮಲಗಿದ್ಯಾ ಎದ್ದಿದ್ಯಾ?"

"ಸೌನಾ ಇನ್ನೂ ಕಾದಿಲ್ಲ."

"ಒಲೆ ಕೆಂಪಗಾಗಿದೆ ಕಣೇ. ಹಟ ಬಿಡು. ಒಳಗೆ ಸೀಲು ಸರಿಯಾಗಿ ಕೂತಿಲ್ಲ ಅನ್ಸತ್ತೆ. ನಿನ್ ತಪ್ಪೇನಲ್ಲ, ಕೈ ಪಳಗ್ಬೇಕು."

ಕೈ ಪಳಗಬೇಕಂತೆ! ಐಲಾ ಹಲ್ಲು ಕಚ್ಚಿ ಪ್ಲಗ್ಗು ಬಿಚ್ಚಿದಳು. ಈಗಷ್ಟೇ ಒರೆಸಿ ಹಾಕಿದ ಪ್ಲಗ್ಗು ಮತ್ತೆ ಕಪ್ಪಾಗಿ ತೊಯ್ದಿತ್ತು. ಎರಡು ದಿನದಿಂದ ಇದೇ ಹಾಡು. ಕಾರ್ಬ್ಯುರೇಟರನ್ನು ಮೂರನೆಯ ಸಲ ಬಿಚ್ಚುವುದೊಂದೇ ಉಳಿದ ದಾರಿ. ಅದಕ್ಕೆ ಟ್ಯಾಂಕು ಖಾಲಿ ಮಾಡಬೇಕು. ಸುತ್ತ ನೋಡಿದಾಗ ಕೈಗೆ ಸಿಕ್ಕಿದ್ದು ಐಸ್‌ಕ್ರೀಮಿನ ಖಾಲಿ ಬಿಳಿ ಡಬ್ಬ. ಪೈಪು ಕಿತ್ತು ಅದರೊಳಗೆ ಬಿಟ್ಟಳು.

ಡಬ್ಬದೊಳಗೆ ಬಿದ್ದದ್ದನ್ನು ನೋಡಿ ಅವಳ ಕೈ ನಿಂತಿತು. ಪೆಟ್ರೋಲಿಗೆ ಬೆರೆಸುವ ಎಣ್ಣೆಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಹದವಾಗಿ ಬೆರೆತ ಪೆಟ್ರೋಲು ಬಾನಿನಂತೆ ತಿಳಿಯಾಗಿರಬೇಕು. ಇದು ಶಾಯಿಯಂತಿತ್ತು. ಎರಡು ಬೆರಳ ನಡುವೆ ಉಜ್ಜಿದಳು. ತಲೆಗೆ ಹಚ್ಚಿಕೊಳ್ಳಬಹುದು, ಅಷ್ಟು ಜಿಡ್ಡು.

ಬೆರೆಸಿಟ್ಟಿದ್ದ ಪೆಟ್ರೋಲಿನ ಕೆಂಪು ಕ್ಯಾನನ್ನು ಎತ್ತಿ ಅದನ್ನೂ ಸ್ವಲ್ಪ ಬಗ್ಗಿಸಿದಳು. ಅದೇ ಶಾಯಿ.

"ಡಾರಿಲ್!" ಕೂಗಿಗೆ ಸೌನಾದೊಳಗಿದ್ದ ಗಂಡ ಸೌದೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. "ಈ ಕ್ಯಾನಿಗೆ ಎಣ್ಣೆ ಹಾಕಿದವರು ಯಾರು?"

ಅವನ ಹಿಂದೆಯೇ ಬಂದ ಆರ್ವೋ ಚಿಕ್ಕಪ್ಪನೂ ಸೇರಿ ಮೂವರು ಗಂಡಸರೂ ಕ್ಯಾನಿನೊಳಗೆ ಇಣುಕಿದರು.

"ನಾನು ಬುಧವಾರ ಕ್ಯಾನಿಗೆ ಪೆಟ್ರೋಲ್ ತುಂಬಿ, ಪಕ್ಕದಲ್ಲಿ ಎಣ್ಣೆ ಬಾಟ್ಲಿ ಇಟ್ಟು ಬಸ್ಸಿಗೆ ಹೋದೆ. ಗುರುವಾರ ಸಂಜೆ ಗ್ಯಾರೇಜಿಗೆ ಬಂದು ನೋಡಿದ್ರೆ ಬಾಟ್ಲಿ ಮುಚ್ಚಳ ತೆಗೀದೆ ಹಂಗೇ ಇತ್ತು. ತೆಗೆದು ಹುಯ್ದೆ. ನಾನು ಹಾಕಿದ್ದು ಒಂದೇ ಬಾಟ್ಲಿ."

ಡಾರಿಲ್ ಸೌದೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ನೀನು ಮರ್ತಿದೀಯ ಅಂದ್ಕೊಂಡೆ. ಬುಧವಾರವೇ ಹುಯ್ದೆ. ನಿನಗೆ ಬಾಟ್ಲಿ ಬೇಕಾಗತ್ತಲ್ಲ ಅಂತ ಹೊಸದೊಂದು ತಂದಿಟ್ಟೆ."

"ಅಯ್ಯೋ," ಎಂದರು ಆರ್ವೋ ಚಿಕ್ಕಪ್ಪ. "ಸಂಜೆ ನಾನು ಬಂದಾಗ ಬಾಟ್ಲಿ ತುಂಬಿತ್ತಲ್ಲಪ್ಪ. ಹಾಕೇ ಇಲ್ಲ ಅಂತ ನಾನು ಹಾಕ್ದೆ. ನನ್ನ ಗಾಡೀಲಿ ಒಂದಿತ್ತು, ಅದನ್ನ ಅಲ್ಲೇ ಇಟ್ಟೆ. ಇನ್ನೊಬ್ಬರ ಎಣ್ಣೆ ಖಾಲಿ ಮಾಡಿ ಹೋಗೋದಾ?"

ಈಗ ಎಲ್ಲರೂ ರಸೆಲ್ಲಿನ ಕಡೆ ತಿರುಗಿದರು. ಅವನು ಟ್ರಕ್ಕಿನ ಹಗ್ಗದ ಗಂಟನ್ನು ಬಿಡಿಸುತ್ತಿದ್ದ. ಅದರಲ್ಲಿ ಗಂಟೇ ಇರಲಿಲ್ಲ.

"ರಸೆಲ್?"

"ಗುರುವಾರ ಬೆಳಿಗ್ಗೆ ಏಣಿ ವಾಪಸ್ ಕೊಡೋಕ್ ಬಂದಿದ್ದೆ," ಎಂದ ಮೆಲ್ಲಗೆ. "ಆ ಪಿಸ್ಟನ್ ಕಿಟಕೀಲಿಟ್ಟು ಅಷ್ಟು ಹೆದರ್ಸಿದ್ದೆಯಲ್ಲ..."

"ಹೊಸ ಬಾಟ್ಲಿನೂ ಇಟ್ಟೆಯಾ?"

"ಇಡ್ದೆ ಇರ್ತಾರಾ?"

ಐಲಾ ಬಕೆಟ್ಟಿನ ತುದಿಯಲ್ಲಿ ಮಗಳ ಪಕ್ಕ ಕೂತಳು. ಉಪವಾಸ ಬಿದ್ದು ಸತ್ತಿದ್ದ ಇಂಜಿನ್ನು ಈಗ ಅಜೀರ್ಣವಾಗಿ ಮಲಗಿತ್ತು. ನಾಲ್ಕು ಜನರ ಪ್ರೀತಿ, ನಾಲ್ಕು ಬಾಟಲಿ ಎಣ್ಣೆ.

"ಒಬ್ರು, ಒಬ್ರಾದ್ರೂ ಬಾಯಿ ಬಿಟ್ಟು 'ಐಲಾ, ಎಣ್ಣೆ ಹಾಕಿದೀನಿ' ಅನ್ನೋಕೆ ಏನಾಗಿತ್ತು? ಬೇಡದ್ದಕ್ಕೆಲ್ಲ ಮಾತು ಬರತ್ತೆ. ಚೋಕಂತೆ, ಬಾಣವಂತೆ, ಸೀಲಂತೆ! ಎರಡು ದಿನ ನನ್ನ ಕೈಗೇ ಬುದ್ಧಿ ಇಲ್ಲ ಅಂತ ನಾನು ತಲೆ ಚಚ್ಕೊಂಡಿದೀನಿ!"

"ಹೇಳಿದ್ರೆ ನೀನು ಬೈತಿದ್ದೆ," ಎಂದ ಡಾರಿಲ್.

"ಬೈತಿದ್ದೆ!"

"ಅದಕ್ಕೇ."

ಅವಳು ಎದ್ದಳು. ಮೂವರನ್ನೂ, ಬಾಗಿಲಿಗೆ ಅಡ್ಡವಿದ್ದ ಟ್ರಕ್ಕಿನ ಸಮೇತ, ಗ್ಯಾರೇಜಿನಿಂದ ಹೊರಗೆ, ಹಿಮದೊಳಕ್ಕೆ ಕಳಿಸಿದಳು. ಟ್ಯಾಂಕು ತೊಳೆದಳು, ಕಾರ್ಬ್ಯುರೇಟರ್ ತೊಳೆದಳು. ಪ್ಲಗ್ಗಿಲ್ಲದೆ ಹಗ್ಗವನ್ನು ಎಳೆದೆಳೆದು ಒಳಗಿನ ಜಿಡ್ಡನ್ನೆಲ್ಲ ಕಕ್ಕಿಸಿದಳು. ಹೊಸ ಪೆಟ್ರೋಲಿಗೆ ಅಳೆದು ಎಣ್ಣೆ ಹಾಕಿ, ಹೊಸ ಪ್ಲಗ್ಗು ತಿರುಗಿಸಿ, ಬಂಡಿಯನ್ನು ಹೊರಗೆ ದೂಡಿದಳು.

ಹಗ್ಗ ಎಳೆದಳು. ಕೆಮ್ಮು. ಮತ್ತೆ ಎಳೆದಳು. ಇಂಜಿನ್ ಹೊಲಿಗೆ ಯಂತ್ರದಂತೆ ಟರ್ರನೆ ಎದ್ದು ಓಡತೊಡಗಿತು.

ಪೆಟ್ರಾ ಕುಣಿದಳು. ರಸೆಲ್ ಅಭ್ಯಾಸಬಲದಿಂದ ಮುಂದೆ ಬಂದು ಹ್ಯಾಂಡಲ್ಲಿಗೆ ಕೈ ಹಾಕಿ, "ಮೊದ್ಲು ನಾನೊಂದು ಸುತ್ತು ನೋಡ್ತೀನಿ" ಎಂದ.

"ಕೈ ತೆಗಿ," ಎಂದಳು ಐಲಾ.

ಅವನು ತೆಗೆದ. ಅವಳು ಮಗಳ ಹೆಲ್ಮೆಟ್ಟಿನ ಹತ್ತಿರ ಬಗ್ಗಿ ಏನೋ ಕೇಳಿದಳು. ಪೆಟ್ರಾ ಯೋಚಿಸಿ, ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಸುತ್ತು.

ಐಲಾ ಕೂತಳು. ಮೊಣಕಾಲು ಕಿವಿಯ ಹತ್ತಿರ ಬಂದವು. ಹ್ಯಾಂಡಲ್ಲಿನ ಆಕ್ಸಿಲರೇಟರ್ ಒತ್ತಿದ ಕೂಡಲೇ ಬಂಡಿ ಹಿಮವನ್ನು ಕೆರೆದು ಹೊರಟಿತು, ನಾಯಿಯೊಂದು ಸಾವಕಾಶವಾಗಿ ಓಡುವಷ್ಟು ವೇಗದಲ್ಲಿ. ಮೂವರು ಗಂಡಸರೂ ಜೊತೆಜೊತೆಗೇ ಓಡುತ್ತಾ, ಕೈ ಬೀಸುತ್ತಾ, ಬಾಯಿ ತೆರೆದು ಏನೇನೋ ಹೇಳುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಅವಳಿಗೆ ಕೇಳಲಿಲ್ಲ.

ಸೌನಾದ ಹಿಂದೆ ತಿರುಗಿ, ಬರ್ಚ್ ಮರಗಳನ್ನು ಬಳಸಿ, ಹೊರಟಲ್ಲಿಗೇ ಬಂದಳು. ನಿಲ್ಲಿಸಲಿಲ್ಲ. ಎರಡನೆಯ ಸುತ್ತಿನ ಕೊನೆಗೆ ಪೆಟ್ರಾ ಸೊಂಟದ ಮೇಲೆ ಕೈಯಿಟ್ಟುಕೊಂಡು ದಾರಿಗೆ ಅಡ್ಡ ನಿಂತಿದ್ದಳು.